ಬಿಎಸ್6 ಲಾರಿಯ ಮಸಿ ಸೆನ್ಸಾರ್: ಪರೀಕ್ಷಿಸುವುದು, ಬಿಚ್ಚುವುದು, ಕೂರಿಸುವುದು

ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ದಾಟಿದ ಮೇಲೆ ಬರುವ ಪೈಪಿಗೆ ಕಚ್ಚಿಸಿದ ಬೆರಳುದ್ದದ ಕಡ್ಡಿ, ಅದರ ಬಾಲದಂತೆ ಹೊರಟ ಕೇಬಲ್, ಕೇಬಲ್ಲಿನ ಕೊನೆಗೆ ಅಂಗೈಯಲ್ಲಿ ಹಿಡಿಸುವ ಕಪ್ಪು ಪೆಟ್ಟಿಗೆ. ಮಸಿ ಸೆನ್ಸಾರ್ ಅಂದರೆ ಇಷ್ಟು. ಗ್ಯಾರೇಜಿನಲ್ಲಿ ಸೂಟ್ ಸೆನ್ಸಾರ್ ಅನ್ನುತ್ತಾರೆ, ಸ್ಕ್ಯಾನರಿನಲ್ಲಿ ಪಿಎಂ ಸೆನ್ಸಾರ್ ಎಂದು ಕಾಣಿಸಿಕೊಳ್ಳುತ್ತದೆ. ಫಿಲ್ಟರ್ ತಪ್ಪಿಸಿಕೊಂಡು ಮಸಿ ಹೊರಗೆ ಬರುತ್ತಿದೆಯೇ ಎಂದು ಕಾವಲು ಕಾಯುವುದು ಇದರ ಏಕೈಕ ಕೆಲಸ. ಎಂಜಿನ್ ಎಷ್ಟು ಹೊಗೆ ಉಗುಳುತ್ತಿದೆ ಎಂಬುದು ಇದಕ್ಕೆ ಗೊತ್ತಾಗುವುದಿಲ್ಲ. ಫಿಲ್ಟರ್ ಗಟ್ಟಿಯಿದ್ದರೆ ಮುಂದೆ ಎಷ್ಟೇ ಕರಿಹೊಗೆ ಇದ್ದರೂ ಇದರ ಬಳಿಗೆ ಬರುವುದು ಹೆಚ್ಚುಕಡಿಮೆ ಶುದ್ಧ ಗಾಳಿ.

ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅರ್ಧ ರಿಪೇರಿ ಆದಂತೆ. ಚೆಕ್ ಎಂಜಿನ್ ದೀಪ ಹೊತ್ತಿ, ಸ್ಕ್ಯಾನರಿನಲ್ಲಿ ಪಿಎಂ ಸೆನ್ಸಾರಿನ ಹೆಸರು ಬಂದ ಕೂಡಲೇ ಹೊಸದನ್ನು ತರಿಸಿ ಹಾಕುವ ರೂಢಿ ಬೆಳೆದುಬಿಟ್ಟಿದೆ. ಹೊಸದು ಹಾಕಿದ ಕೆಲವೇ ದಿನಕ್ಕೆ ಅದೇ ಕೋಡ್ ಮರಳಿದರೆ, ಹಳೆಯ ಸೆನ್ಸಾರ್ ನಿಜವನ್ನೇ ಹೇಳುತ್ತಿತ್ತು, ಇಲ್ಲವೇ ಅದಕ್ಕೆ ಸರಿಯಾಗಿ ಕರೆಂಟ್ ಸಿಗುತ್ತಿರಲಿಲ್ಲ. ಎರಡನ್ನೂ ಮೊದಲೇ ಪರೀಕ್ಷಿಸಲು ಬೇಕಾಗುವುದು ಒಂದು ಬಿಳಿ ಬಟ್ಟೆ, ಒಂದು ಮಲ್ಟಿಮೀಟರ್, 24 ವೋಲ್ಟಿನ ಒಂದು ಬಲ್ಬು.

ಗುರುತು ಹಿಡಿಯುವುದು

ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ 2020ರ ಏಪ್ರಿಲ್ 1ರಂದು ಬಂತು. ಭಾರಿ ವಾಹನದ ಡೀಸೆಲ್ ಎಂಜಿನ್ನಿಗೆ ಕಣಗಳ ಮಿತಿ ಕಿಲೋವ್ಯಾಟ್-ಗಂಟೆಗೆ 10 ಮಿಲಿಗ್ರಾಂ. ತೂಕದ ಜತೆಗೆ ಕಣಗಳ ಎಣಿಕೆಗೂ ಮಿತಿ ಬಿತ್ತು. ಫಿಲ್ಟರ್ ಇಲ್ಲದೆ ಆ ಎಣಿಕೆಯೊಳಗೆ ಇರುವುದು ಕಷ್ಟವೆಂದೇ ಡಿಪಿಎಫ್ ಬಂತು. 2023ರ ಏಪ್ರಿಲ್ 1ರಿಂದ ಓಬಿಡಿಯ ಎರಡನೇ ಹಂತ ಜಾರಿಯಾಗಿ, ವಾಹನ ತನ್ನ ಹೊಗೆಯ ಮೇಲೆ ತಾನೇ ಕಣ್ಣಿಡುವ ನಿಯಮ ಇನ್ನಷ್ಟು ಬಿಗಿಯಾಯಿತು. ಹಾಗಂತ ಎಲ್ಲ ಬಿಎಸ್6 ಲಾರಿಯಲ್ಲೂ ಮಸಿ ಸೆನ್ಸಾರ್ ಇರುವುದಿಲ್ಲ. ಕೆಲವು ಮಾದರಿಗಳು ಡಿಪಿಎಫ್ ಕಾವಲನ್ನು ಒತ್ತಡದ ಸೆನ್ಸಾರಿಗೇ ಬಿಟ್ಟಿವೆ. ಆದ್ದರಿಂದ ಮೊದಲು ಗಾಡಿಯ ಕೆಳಗೆ ನೋಡಿ.

ಸೈಲೆನ್ಸರ್ ಪೆಟ್ಟಿಗೆಯ ಸುತ್ತ ಮಸಿ ಸೆನ್ಸಾರಲ್ಲದೆ ಇನ್ನೂ ಮೂರು ಬಗೆಯ ಸೆನ್ಸಾರ್ ಇರುತ್ತವೆ, ಹೆಸರು ಅದಲುಬದಲಾಗುವುದೂ ಇಲ್ಲೇ. ಡಿಪಿಎಫ್‌ನ ಹಿಂದೆ ಮುಂದೆ ಎರಡು ಸಣ್ಣ ನಳಿಕೆ ಬಂದು ಸೇರುವುದು ಒತ್ತಡ ವ್ಯತ್ಯಾಸದ ಸೆನ್ಸಾರ್. ಫಿಲ್ಟರ್ ಎಷ್ಟು ತುಂಬಿದೆ ಎಂದು ಹೇಳುವುದು ಅದು. ಪೆಟ್ಟಿಗೆಯಿಲ್ಲದೆ ಬರೀ ಎರಡು ವೈರ್ ಇರುವ ತೆಳ್ಳಗಿನ ಕಡ್ಡಿಗಳು ಉಷ್ಣತೆಯ ಸೆನ್ಸಾರ್. ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸಾರಿಗೂ ಮಸಿ ಸೆನ್ಸಾರಿಗೂ ಮಾತ್ರ ನೋಟದಲ್ಲಿ ಅಣ್ಣತಮ್ಮಂದಿರ ಹೋಲಿಕೆ: ಎರಡಕ್ಕೂ ಕಡ್ಡಿ, ಕೇಬಲ್, ಪೆಟ್ಟಿಗೆ. ಕಣ್ಣಂದಾಜಿನಿಂದ ಬಿಚ್ಚಬೇಡಿ. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರನ್ನು ಓದಿ, ಕ್ಯಾಟಲಾಗಿಗೆ ಹೊಂದಿಸಿ. ಹೊಗೆ ಸಾಗುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಡಿಓಸಿ (ಅರೆಬೆಂದ ಅನಿಲಗಳನ್ನು ಸುಡುವ ಕ್ಯಾಟಲಿಸ್ಟ್), ಡಿಪಿಎಫ್, ಯೂರಿಯಾ ಸಿಂಪಡಿಸುವ ಜಾಗ, ಎಸ್‌ಸಿಆರ್ (ಯೂರಿಯಾ ಬಳಸಿ ನಾಕ್ಸ್ ಕಳೆಯುವ ಕ್ಯಾಟಲಿಸ್ಟ್), ಕೊನೆಗೆ ಬಾಲದ ಪೈಪ್. ಮಸಿ ಸೆನ್ಸಾರ್ ಡಿಪಿಎಫ್ ಆದಮೇಲೆ ಎಲ್ಲೋ ಒಂದು ಕಡೆ ಇರುತ್ತದೆ.

ಒಳಗೆ ನಡೆಯುವುದೇನು

ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಕಡ್ಡಿಯ ತುದಿಯೊಳಗೆ ಪಿಂಗಾಣಿಯ ಒಂದು ಪಟ್ಟಿ ಇದೆ. ಅದರ ಮೇಲೆ ಪ್ಲಾಟಿನಂನ ಎರಡು ಬಾಚಣಿಗೆಗಳು, ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲು ಬರುವಂತೆ, ಒಂದಕ್ಕೊಂದು ತಾಗದಂತೆ ಇವೆ. ಅವುಗಳ ನಡುವೆ ಕೆಲವು ಹತ್ತು ವೋಲ್ಟ್ ಇಟ್ಟರೂ ಪಿಂಗಾಣಿ ವಿದ್ಯುತ್ ಬಿಡುವುದಿಲ್ಲ. ಮಸಿ ಅಂದರೆ ಇಂಗಾಲ, ಅದು ವಿದ್ಯುತ್ತನ್ನು ಬಿಡುತ್ತದೆ. ಹೊಗೆಯ ಜತೆ ಬಂದ ಮಸಿಯ ಕಣಗಳು ಹಲ್ಲುಗಳ ನಡುವೆ ಒಂದರ ಮೇಲೊಂದು ಕೂತು ಸೇತುವೆ ಕಟ್ಟಿದಾಗ ಕೆಲವು ಮೈಕ್ರೋಆಂಪಿಯರ್ ಕರೆಂಟ್ ಹರಿಯುತ್ತದೆ.

ಆ ಕರೆಂಟ್ ಗೊತ್ತುಮಾಡಿದ ಮಟ್ಟ ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದೇ ಇಲ್ಲಿ ಅಳತೆ. ಒಡೆದ ಫಿಲ್ಟರ್ ಇದ್ದಿದ್ದರೆ ಈ ವೇಗಕ್ಕೆ, ಈ ಲೋಡಿಗೆ ಎಷ್ಟು ಹೊತ್ತಿನಲ್ಲಿ ಸೇತುವೆ ಕಟ್ಟಬೇಕಿತ್ತು ಎಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಲೆಕ್ಕ ಹಾಕಿಟ್ಟುಕೊಂಡಿರುತ್ತದೆ. ಅಷ್ಟರೊಳಗೆ ಕಟ್ಟಿದರೆ ಫಿಲ್ಟರ್ ಸೋರುತ್ತಿದೆ ಎಂದು ತೀರ್ಮಾನ. ಆಮೇಲೆ ಪಿಂಗಾಣಿಯ ಬೆನ್ನಿಗಿರುವ ಹೀಟರ್ 600 ಡಿಗ್ರಿಗಿಂತ ಮೇಲಕ್ಕೆ ಕಾದು ಕೂತ ಮಸಿಯನ್ನೆಲ್ಲ ಸುಟ್ಟುಹಾಕುತ್ತದೆ. ತಣಿದ ಮೇಲೆ ಮತ್ತೆ ಮೊದಲಿಂದ ಎಣಿಕೆ. ಇಂಥ ಒಂದು ಸುತ್ತು ಮುಗಿಯಲು ನಿಮಿಷಗಳು ಬೇಕು, ಫಿಲ್ಟರ್ ಚೆನ್ನಾಗಿದ್ದರೆ ಇನ್ನೂ ಹೆಚ್ಚು. ಅಂಗಳದಲ್ಲಿ ಐದು ನಿಮಿಷ ಎಂಜಿನ್ ಓಡಿಸಿ ‘ಸೆನ್ಸಾರ್ ಸರಿಹೋಯಿತು’ ಅನ್ನಲು ಆಗದಿರುವುದು ಇದಕ್ಕೇ.

ಇನ್ನೊಂದು ವಿಷಯ ನೀರಿನದು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ತಣ್ಣನೆಯ ಪೈಪಿನಲ್ಲಿ ಆ ಆವಿ ಹನಿಗಟ್ಟುತ್ತದೆ. ಕಾದ ಪಿಂಗಾಣಿಗೆ ಒಂದು ಹನಿ ತಾಗಿದರೂ ಬಿರುಕು ಬರಬಹುದು, ಬಿಸಿ ಕಾವಲಿಗೆ ನೀರು ಸುರಿದಂತೆ. ಅದಕ್ಕೆ ಪೈಪ್ ಪೂರ್ತಿ ಒಣಗಿದೆ ಎಂದು ಇಸಿಯು ಲೆಕ್ಕದಿಂದ ಖಾತರಿ ಮಾಡಿಕೊಳ್ಳುವ ತನಕ ಹೀಟರಿಗೆ ಅಪ್ಪಣೆ ಕೊಡುವುದಿಲ್ಲ. ಸ್ಕ್ಯಾನರಿನಲ್ಲಿ ಇದು ‘ಡ್ಯೂ ಪಾಯಿಂಟ್’ ಎಂಬ ಹೆಸರಲ್ಲಿ ಕಾಣುತ್ತದೆ. ಸದಾ ಹತ್ತು ನಿಮಿಷದ ಓಟ, ಅರ್ಧ ಗಂಟೆಯ ನಿಲುಗಡೆ ಎಂಬಂತೆ ಊರೊಳಗೇ ಓಡುವ ಗಾಡಿಯಲ್ಲಿ ಈ ಅಪ್ಪಣೆ ಸಿಗುವುದೇ ಅಪರೂಪ. ಆಗ ಸೆನ್ಸಾರ್ ಕೆಟ್ಟಿರುವುದಿಲ್ಲ, ಕೆಲಸ ಶುರುಮಾಡಿರುವುದಿಲ್ಲ ಅಷ್ಟೆ. ಹೆದ್ದಾರಿಯಲ್ಲಿ ಓಡುವ ಗಾಡಿಯಲ್ಲೂ ಅಪ್ಪಣೆ ಬರದಿದ್ದರೆ ಉಷ್ಣತೆಯ ಸೆನ್ಸಾರುಗಳನ್ನೂ ಎಂಜಿನ್ ಥರ್ಮೋಸ್ಟ್ಯಾಟನ್ನೂ ನೋಡಿ.

ಕೋಡ್ ಓದುವ ಬಗೆ

ಕೋಡುಗಳಲ್ಲಿ ಎರಡು ಕುಲ ಇವೆ, ಅವನ್ನು ಬೆರೆಸಬಾರದು. ಪಿ2002 ಬಂದರೆ ಡಿಪಿಎಫ್ ಹಿಡಿಯಬೇಕಾದಷ್ಟು ಮಸಿ ಹಿಡಿಯುತ್ತಿಲ್ಲ ಎಂಬ ದೂರು; ಸೆನ್ಸಾರ್ ಇಲ್ಲಿ ಸಾಕ್ಷಿ ಮಾತ್ರ. ಪಿ24ಎಇ, ಪಿ24ಎಎಫ್, ಪಿ24ಬಿ0, ಪಿ24ಬಿ1 ಬಂದರೆ ದೂರು ಸೆನ್ಸಾರಿನ ಸರ್ಕ್ಯೂಟಿನ ಮೇಲೆಯೇ: ಕ್ರಮವಾಗಿ ಸರ್ಕ್ಯೂಟ್ ದೋಷ, ಅಳತೆ ಮಿತಿಮೀರಿದ್ದು, ಕಡಿಮೆ ಸಂಕೇತ, ಹೆಚ್ಚು ಸಂಕೇತ. ಪಿ2463 ಬಂದರೆ ಫಿಲ್ಟರಿನಲ್ಲಿ ಮಸಿ ತುಂಬಿದೆ ಎಂದರ್ಥ. ಅದಕ್ಕೂ ಮಸಿ ಸೆನ್ಸಾರಿಗೂ ಸಂಬಂಧವಿಲ್ಲ. ಆದರೂ ಹೆಸರಲ್ಲಿ ಮಸಿ ಇದೆ ಎಂಬ ಕಾರಣಕ್ಕೆ ಈ ಕೋಡಿಗೂ ಸೆನ್ಸಾರ್ ಬದಲಾಗುವುದುಂಟು.

ಭಾರಿ ವಾಹನಗಳ ಜೆ1939 ಭಾಷೆಯ ಸ್ಕ್ಯಾನರ್ ಆದರೆ, ದೋಷ ಎಲ್ಲಿ ಎಂದು ಹೇಳುವ ಎಸ್‌ಪಿಎನ್ ಪಕ್ಕದಲ್ಲಿ ಬರುವ, ದೋಷ ಯಾವ ಬಗೆಯದು ಎಂದು ಹೇಳುವ ಎಫ್‌ಎಂಐ ಸಂಖ್ಯೆಯೇ ದಾರಿ ತೋರಿಸುತ್ತದೆ. 3 ಅಂದರೆ ವೋಲ್ಟೇಜ್ ಹೆಚ್ಚು, 4 ಅಂದರೆ ಕಡಿಮೆ, 5 ಅಂದರೆ ತುಂಡಾದ ವೈರ್, 6 ಅಂದರೆ ಶಾರ್ಟ್. ಈ ನಾಲ್ಕೂ ವೈರಿಂಗ್ ಕಡೆ ಬೆರಳು ಮಾಡುತ್ತವೆ. 9 ಅಥವಾ 19 ಬಂದರೆ ಸೆನ್ಸಾರಿನ ಸಂದೇಶ ಇಸಿಯುಗೆ ಸರಿಯಾಗಿ ತಲುಪುತ್ತಿಲ್ಲ, ಸಂದೇಶ ಸಾಗಿಸುವ ಕ್ಯಾನ್ ತಂತಿ ನೋಡಿ. 12 ಬಂದರೆ ಮಾತ್ರ ಸಾಧನವೇ ಕೆಟ್ಟಿದೆ ಎಂದು ಇಸಿಯು ಹೇಳುತ್ತಿದೆ, ಆಗಲೂ ಸಪ್ಲೈ ಮತ್ತು ಅರ್ತ್ ನೋಡಿದ ಮೇಲೆಯೇ ನಂಬಿ.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಂದ ಕ್ಷಣದ ಅಳತೆಗಳ ದಾಖಲೆ, ಬರೆದುಕೊಳ್ಳಿ ಅಥವಾ ಫೋಟೋ ತೆಗೆದುಕೊಳ್ಳಿ. ಎಂಜಿನ್ ವೇಗ, ಲೋಡ್, ಹೊಗೆಯ ಉಷ್ಣತೆ, ಬ್ಯಾಟರಿ ವೋಲ್ಟೇಜ್ ಎಲ್ಲ ಅದರಲ್ಲಿರುತ್ತದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಬಂದ ಕೋಡಿಗೂ, ಘಾಟಿ ಹತ್ತುವಾಗ ಪೂರ್ತಿ ಲೋಡಿನಲ್ಲಿ ಬಂದ ಕೋಡಿಗೂ ರಿಪೇರಿ ಬೇರೆ ಬೇರೆ. ಅಳಿಸಿದ ಮೇಲೆ ಆ ಸುಳಿವು ಮತ್ತೆ ಸಿಗುವುದಿಲ್ಲ.

ಮೊದಲು ಫಿಲ್ಟರಿನ ವಿಚಾರಣೆ

ಎಂಜಿನ್ ನಿಲ್ಲಿಸಿ, ಪೈಪ್ ಪೂರ್ತಿ ತಣಿಯಲಿ. ಒಂದು ಬಿಳಿ ಹತ್ತಿಬಟ್ಟೆಯನ್ನು ಬೆರಳಿಗೆ ಸುತ್ತಿ ಬಾಲದ ಪೈಪಿನ ಒಳಗೋಡೆಯನ್ನು ಒರೆಸಿ. ಡಿಪಿಎಫ್ ಚೆನ್ನಾಗಿರುವ ಗಾಡಿಯಲ್ಲಿ ಬಟ್ಟೆಗೆ ತಿಳಿ ಬೂದು ಅಥವಾ ತುಕ್ಕಿನ ಬಣ್ಣ ಹತ್ತುತ್ತದೆ, ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಹಾಗೇ ಇರುತ್ತದೆ. ಕಾಡಿಗೆಯಂಥ ಕಪ್ಪು ಹತ್ತಿದರೆ ಫಿಲ್ಟರ್ ಸೋರುತ್ತಿದೆ, ಅಥವಾ ಹಿಂದೊಮ್ಮೆ ಸೋರಿ ಈಗ ಬದಲಾಗಿದೆ. ಅನುಮಾನವಿದ್ದರೆ ಪೈಪನ್ನು ಚೆನ್ನಾಗಿ ಒರೆಸಿ ಬಿಟ್ಟು, 200 ಕಿಲೋಮೀಟರ್ ಓಡಿಸಿ ಮತ್ತೆ ಒರೆಸಿ ನೋಡಿ. ಇಷ್ಟು ಅಗ್ಗದ, ಇಷ್ಟು ನಂಬಿಕೆಯ ಪರೀಕ್ಷೆ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಹೊಗೆ ತಪಾಸಣೆಯ ಪಿಯುಸಿ ಪಾಸಾಗಿದೆ ಎಂಬುದನ್ನು ಇಲ್ಲಿ ಸಾಕ್ಷಿಯಾಗಿ ಹಿಡಿಯಬೇಡಿ. ಹೊಗೆಯ ದಟ್ಟಣೆ ಅಳೆಯುವ ಆ ಮೀಟರ್ ಕಣ್ಣಿಗೆ ಕಾಣುವ ಕರಿಹೊಗೆಯನ್ನು ಹಿಡಿಯುವಂಥದ್ದು. ಒಂದು ಮೂಲೆಯಲ್ಲಿ ಬಿರುಕು ಬಿಟ್ಟ ಡಿಪಿಎಫ್ ಅದರಲ್ಲಿ ಸಲೀಸಾಗಿ ಪಾಸಾಗಬಹುದು.

ಬಟ್ಟೆ ಕಪ್ಪಾದರೆ ಮುಂದಿನ ಹೆಜ್ಜೆ ಒತ್ತಡದ ಸೆನ್ಸಾರ್. ಕೀ ಆನ್ ಮಾಡಿ, ಎಂಜಿನ್ ಓಡದಿರುವಾಗ ಅದರ ಅಳತೆ ಸೊನ್ನೆಗೆ ಅಂಟಿಕೊಂಡಿರಬೇಕು. ಎಂಜಿನ್ ವೇಗ ಏರಿಸಿದಂತೆ ಅಳತೆಯೂ ಏರಬೇಕು. ಪೂರ್ತಿ ವೇಗದಲ್ಲೂ ಸೊನ್ನೆಯ ಹತ್ತಿರವೇ ಇದ್ದರೆ ಫಿಲ್ಟರಿನ ಒಳಗಿನ ಜೇನುಗೂಡಿನಂಥ ಭಾಗ ಒಡೆದಿದೆ, ಇಲ್ಲವೇ ನಳಿಕೆ ಕಳಚಿದೆ ಅಥವಾ ಕಟ್ಟಿದೆ. ಮೈನಸ್ ಅಳತೆ ಬಂದರೆ ಎರಡು ನಳಿಕೆ ಅದಲುಬದಲಾಗಿವೆ. ಆಮೇಲೆ ಕ್ಲ್ಯಾಂಪ್ ಬಿಚ್ಚಿ ಡಿಪಿಎಫ್‌ನ ಹೊರಮುಖ ನೋಡಿ. ಒಳ್ಳೆಯ ಫಿಲ್ಟರಿನ ಹೊರಮುಖ ಬೆಳ್ಳಗೆ ಅಥವಾ ಬೂದಾಗಿ ಒಂದೇ ಸಮ ಇರುತ್ತದೆ. ಒಂದು ಕಡೆ ಮಾತ್ರ ಕಪ್ಪು ಮಚ್ಚೆ ಬಿದ್ದಿದ್ದರೆ ಅದರ ನೇರಕ್ಕೆ ಒಳಗೆ ಬಿರುಕಿದೆ. ಅಂಚಿನ ಸುತ್ತ ಮಾತ್ರ ಕಪ್ಪು ಇದ್ದರೆ ಜೇನುಗೂಡನ್ನು ಹಿಡಿದಿರುವ ಸುತ್ತುಹಾಸು ಸವೆದು ಪಕ್ಕದಿಂದ ಹೊಗೆ ನುಗ್ಗುತ್ತಿದೆ. ಕ್ಲ್ಯಾಂಪ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಹಳೆಯದನ್ನು ಸಿಲಿಕಾನ್ ಪೇಸ್ಟಿನಿಂದ ಸುಧಾರಿಸಬೇಡಿ, ಅದರ ಆವಿ ಸೆನ್ಸಾರುಗಳ ಮೇಲೆ ಗಾಜಿನಂಥ ಪದರವಾಗಿ ಕೂರುತ್ತದೆ.

ಫಿಲ್ಟರ್ ಒಡೆಯುವುದು ಬಹುಪಾಲು ಅತಿಯಾದ ಕಾವಿನಿಂದ. ಮಸಿ ವಿಪರೀತ ತುಂಬಿದ ಮೇಲೆ ರೀಜನರೇಷನ್ (ಫಿಲ್ಟರಿನಲ್ಲಿ ಕೂತ ಮಸಿಯನ್ನು ಸುಟ್ಟು ತೆಗೆಯುವ ಕೆಲಸ) ಶುರುವಾಗಿ, ಬೆಂಕಿ ಹತ್ತಿಕೊಂಡ ಹೊತ್ತಿಗೆ ಚಾಲಕ ಗಾಡಿ ನಿಲ್ಲಿಸಿ ಐಡಲ್‌ಗೆ ಬಿಟ್ಟರೆ, ಉಷ್ಣವನ್ನು ಹೊತ್ತೊಯ್ಯುವ ಗಾಳಿಯ ಓಟ ನಿಂತುಹೋಗುತ್ತದೆ. ಉರಿಯಲು ಬೇಕಾದ ಆಮ್ಲಜನಕ ಮಾತ್ರ ಧಾರಾಳ. ಒಳಗಿನ ಕಾವು ಹತೋಟಿ ತಪ್ಪಿ ಜೇನುಗೂಡು ಸೀಳುತ್ತದೆ. ಅದರ ಹಿಂದಿನ ಕಾರಣ ಹುಡುಕದೆ ಹೊಸ ಫಿಲ್ಟರ್ ಹಾಕುವುದು ದುಡ್ಡು ಕಳೆಯುವ ಕೆಲಸ: ಸೋರುವ ಇಂಜೆಕ್ಟರ್, ಟರ್ಬೋದಿಂದ ಇಳಿಯುವ ಆಯಿಲ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ, ತೆರೆದೇ ಉಳಿದ ಇಜಿಆರ್ ವಾಲ್ವ್, ಇಂಟರ್‌ಕೂಲರ್ ಹೋಸಿನ ಸೀಳು ಇವನ್ನೆಲ್ಲ ನೋಡಿ.

ಒಡೆದ ಫಿಲ್ಟರಿನ ಒಳಭಾಗವನ್ನು ಕಿತ್ತು ಖಾಲಿ ಡಬ್ಬ ಹಾಕಿ, ಸೆನ್ಸಾರಿನ ಜಾಗದಲ್ಲಿ ಸುಳ್ಳು ಸಂಕೇತ ಕೊಡುವ ಸಣ್ಣ ಪೆಟ್ಟಿಗೆ ಕೂರಿಸಿಕೊಡುವವರಿದ್ದಾರೆ. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಮೊದಲನೇ ಗುಂಪಿಗೇ ಸೇರಿಸಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರು ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವ ಮೆಕ್ಯಾನಿಕ್, ಕ್ಲೀನರ್ ಹುಡುಗರೇ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ಬಾರಿಗೇ 10,000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಬೀಳಬಹುದು.

ವೈರಿಂಗ್ ಪರೀಕ್ಷೆ

ಬಟ್ಟೆ ಬೆಳ್ಳಗಿದ್ದೂ ಕೋಡ್ ಬರುತ್ತಿದೆ ಎಂದಾದರೆ ಕರೆಂಟಿನ ಕಡೆ ಬನ್ನಿ. ಪೆಟ್ಟಿಗೆಗೆ ಬರುವ ಕನೆಕ್ಟರಿನಲ್ಲಿ ಸಾಮಾನ್ಯವಾಗಿ ನಾಲ್ಕು ಪಿನ್: ಸಪ್ಲೈ, ಅರ್ತ್, ಕ್ಯಾನ್-ಹೈ, ಕ್ಯಾನ್-ಲೋ. ಯಾವುದು ಯಾವ ಪಿನ್ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಆ ಗಾಡಿಯ ವೈರಿಂಗ್ ನಕ್ಷೆ ಇಟ್ಟುಕೊಂಡೇ ಶುರುಮಾಡಿ.

ಕನೆಕ್ಟರ್ ಬಿಚ್ಚಿದ ಕೂಡಲೇ ಮೂಗಿನ ಹತ್ತಿರ ಹಿಡಿದು ಬೆಳಕಿನಲ್ಲಿ ನೋಡಿ. ಹಸಿರು ಕಿಲುಬು, ಕೆಸರು, ಒಳಗೆ ಜಾರಿದ ಪಿನ್, ಹರಿದ ರಬ್ಬರ್ ಸೀಲ್. ಬಿಳಿ ಹರಳು ಕಂಡರೆ ಅದು ಯೂರಿಯಾ. ಮೇಲೆಲ್ಲೋ ಡಿಇಎಫ್ (ಎಸ್‌ಸಿಆರ್‌ಗೆ ಸಿಂಪಡಿಸುವ ಯೂರಿಯಾ ದ್ರವ) ಸೋರಿ ವೈರಿನ ಗುಂಟ ಇಳಿದಿದೆ. ಯೂರಿಯಾ ತಾಮ್ರವನ್ನು ತಿನ್ನುತ್ತದೆ, ವೈರಿನ ಒಳಗಿನಿಂದಲೇ ಏರಿ ಹೋಗುತ್ತದೆ. ಆಗ ಪಿನ್ ಒರೆಸಿದರೆ ಸಾಲದು. ವೈರಿನ ಹೊದಿಕೆ ಸೀಳಿ, ತಾಮ್ರ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಜೋಡಿಸಬೇಕು.

ಸಪ್ಲೈ ನೋಡುವಾಗ ಬರೀ ಮಲ್ಟಿಮೀಟರಿಗೆ ಮೋಸಹೋಗಬೇಡಿ. ಒಂದೇ ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 24 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಹೀಟರ್ ಎಳೆಯುತ್ತದೆ. ಅದಕ್ಕೆ 24 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದಿಟ್ಟುಕೊಳ್ಳಿ. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಸಪ್ಲೈ ಮತ್ತು ಅರ್ತ್ ಪಿನ್ನಿಗೆ ಬಲ್ಬ್ ಹಚ್ಚಿ. ಸುಮಾರು 0.9 ಆಂಪಿಯರ್ ಹರಿಯುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಅದರ ಎರಡು ತುದಿಯ ವೋಲ್ಟೇಜನ್ನೂ ಬ್ಯಾಟರಿಯ ವೋಲ್ಟೇಜನ್ನೂ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿರಬೇಕು. ಹೆಚ್ಚಿದ್ದರೆ ಬಲ್ಬಿನ ಮೈನಸ್ ತುದಿಯಿಂದ ಬ್ಯಾಟರಿ ಮೈನಸ್‌ಗೆ ಅಳೆದು ನೋಡಿ. ನಷ್ಟವೆಲ್ಲ ಅಲ್ಲೇ ಕಂಡರೆ ಅರ್ತ್ ಕೆಟ್ಟಿದೆ, ಚಾಸಿಯ ಅರ್ತ್ ಬೋಲ್ಟ್ ಬಿಚ್ಚಿ ಬಣ್ಣ, ತುಕ್ಕು ಕೆರೆದು ಬಿಗಿಯಿರಿ. ಅಲ್ಲಿ ಇಲ್ಲದಿದ್ದರೆ ಫ್ಯೂಸ್, ರಿಲೇ, ಸಪ್ಲೈ ವೈರಿನ ದಾರಿ. ಪಿನ್ನಿನೊಳಗೆ ಮೀಟರಿನ ದಪ್ಪ ಮೊನೆ ತುರುಕಬಾರದು. ಹೆಣ್ಣು ಪಿನ್ ಒಮ್ಮೆ ಹಿಗ್ಗಿದರೆ ಆಮೇಲೆ ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಬರುವ, ಗ್ಯಾರೇಜಿನಲ್ಲಿ ಎಂದೂ ಕಾಣದ ಕೋಡನ್ನು ನೀವೇ ಸೃಷ್ಟಿಸಿದಂತೆ.

ಕ್ಯಾನ್ ತಂತಿಗೆ ಬ್ಯಾಟರಿ ಕಳಚಿ ರೆಸಿಸ್ಟೆನ್ಸ್ ಅಳೆಯಿರಿ. ಹೈ ಮತ್ತು ಲೋ ನಡುವೆ 60 ಓಮ್ ಬರಬೇಕು, ಎರಡು ತುದಿಯಲ್ಲಿ 120 ಓಮಿನ ಒಂದೊಂದು ಟರ್ಮಿನೇಟರ್ ಇರುವುದರಿಂದ. 120 ಬಂದರೆ ಒಂದು ಟರ್ಮಿನೇಟರ್ ಕಳಚಿದೆ ಅಥವಾ ವೈರ್ ತುಂಡಾಗಿದೆ. ಕೆಲವು ಗಾಡಿಗಳಲ್ಲಿ ಟರ್ಮಿನೇಟರ್ ಸೆನ್ಸಾರಿನ ಪೆಟ್ಟಿಗೆಯೊಳಗೇ ಇರಬಹುದು, ಆಗ ಕನೆಕ್ಟರ್ ಬಿಚ್ಚಿದಾಗ 120 ಬರುವುದು ಸಹಜ. 40ರ ಹತ್ತಿರ ಬಂದರೆ ಮೂರನೆಯ ಟರ್ಮಿನೇಟರ್ ಎಲ್ಲೋ ಸೇರಿಕೊಂಡಿದೆ. ತಪ್ಪು ಪಾರ್ಟ್ ನಂಬರಿನ ಸೆನ್ಸಾರ್ ಹಾಕಿದಾಗ ಹೀಗಾಗುತ್ತದೆ. ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿದರೆ ಹೈ ತಂತಿ 2.5 ವೋಲ್ಟಿಗಿಂತ ಚೂರು ಮೇಲೆ, ಲೋ ತಂತಿ ಚೂರು ಕೆಳಗೆ, ಎರಡೂ ಕೂಡಿದರೆ 5ರ ಹತ್ತಿರ ಇರಬೇಕು.

ನಾಕ್ಸ್ ಸೆನ್ಸಾರುಗಳೂ ಮಸಿ ಸೆನ್ಸಾರೂ ಒಂದೇ ಹೊತ್ತಿಗೆ ಮಾಯವಾದರೆ ಮೂರೂ ಒಟ್ಟಿಗೆ ಕೆಡುವ ಸಂಭವ ತೀರಾ ಕಡಿಮೆ. ಅವೆಲ್ಲ ಹಂಚಿಕೊಳ್ಳುವ ಫ್ಯೂಸ್, ಅರ್ತ್, ಕ್ಯಾನ್ ಕವಲನ್ನು ನೋಡಿ. ಎಲ್ಲವೂ ಸರಿಯಿದ್ದರೆ ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಉಳಿದವು ಮರಳಿ ಮಾತಾಡುತ್ತವೋ ಅದೇ ತಂತಿಯನ್ನು ಕೆಳಗೆಳೆಯುತ್ತಿದೆ.

ಇನ್ನು ಕಡ್ಡಿಗೂ ಪೆಟ್ಟಿಗೆಗೂ ನಡುವಿನ ಕೇಬಲ್. ಇದನ್ನು ಕತ್ತರಿಸಿ ಜೋಡಿಸುವುದು, ಉದ್ದ ಮಾಡುವುದು ಎಂದೂ ಬೇಡ. ಒಳಗೆ ಹರಿಯುವುದು ಮೈಕ್ರೋಆಂಪಿಯರ್. ಟೇಪು ಸುತ್ತಿದ ಜೋಡಣೆಯೊಳಗೆ ಮಳೆಯ ತೇವ ಸೇರಿದರೆ ಆ ತೇವದ ಮೂಲಕ ಹರಿಯುವ ಚೂರು ಕರೆಂಟನ್ನೂ ಪೆಟ್ಟಿಗೆ ಮಸಿ ಎಂದೇ ಲೆಕ್ಕ ಹಾಕುತ್ತದೆ. ಜೂನ್ ಬಂದ ಕೂಡಲೇ ಮಾತ್ರ ದೀಪ ಹೊತ್ತುವ ಗಾಡಿಯಲ್ಲಿ ಮೊದಲು ಇಂಥ ಜೋಡಣೆ ಹುಡುಕಿ. ಕಡ್ಡಿ, ಕೇಬಲ್, ಪೆಟ್ಟಿಗೆ ಮೂರೂ ಕಾರ್ಖಾನೆಯಲ್ಲಿ ಒಟ್ಟಿಗೆ ಹೊಂದಿಸಿದವು. ಒಂದರ ಕಡ್ಡಿ ಇನ್ನೊಂದರ ಪೆಟ್ಟಿಗೆಗೆ ಸಲ್ಲದು.

ಬಿಚ್ಚುವುದು

ಎಲ್ಲ ಪರೀಕ್ಷೆ ಮುಗಿದು ತಪ್ಪು ಸೆನ್ಸಾರಿನದೇ ಎಂದು ಖಚಿತವಾದರೆ ಬದಲಿಸಿ. ಕೀ ಆಫ್ ಮಾಡಿದ ತಕ್ಷಣ ಬ್ಯಾಟರಿ ಸ್ವಿಚ್ ಆರಿಸಬೇಡಿ. ಡಿಇಎಫ್ ಪಂಪು ಪೈಪಿನಲ್ಲಿ ಉಳಿದ ಯೂರಿಯಾವನ್ನು ಟ್ಯಾಂಕಿಗೆ ಹಿಂದೆಳೆದುಕೊಳ್ಳಲು ಕೆಲವು ನಿಮಿಷ ಬೇಕು. ಆ ಸದ್ದು ನಿಂತ ಮೇಲೆ ಆರಿಸಿ. ಇಲ್ಲದಿದ್ದರೆ ಯೂರಿಯಾ ಹರಳುಗಟ್ಟಿ, ಅದನ್ನು ಸಿಂಪಡಿಸುವ ಡೋಸರ್ ಕಟ್ಟಿಕೊಂಡು ಹೊಸ ತಲೆನೋವು ಶುರು.

ರೀಜನರೇಷನ್ ಮುಗಿಸಿದ ಪೈಪ್ 600 ಡಿಗ್ರಿ ಕಂಡಿರುತ್ತದೆ. ಹೊರಗಿನ ತಗಡು ಮುಟ್ಟಬಹುದಾದರೂ ಒಳಗೆ ಕಾವು ಉಳಿದಿರುತ್ತದೆ, ಒಂದು ಗಂಟೆಗಿಂತ ಹೆಚ್ಚೇ ಬಿಡಿ. ಪೂರ್ತಿ ತಣ್ಣಗಾಗಿ ಜಾಮ್ ಆಗಿದ್ದರೆ ಐಡಲ್‌ನಲ್ಲಿ ಐದು ನಿಮಿಷ ಓಡಿಸಿ ನಿಲ್ಲಿಸಿ. ಉಗುರುಬೆಚ್ಚಗಿನ ಪೈಪಿನಲ್ಲಿ ಥ್ರೆಡ್ ಸುಲಭವಾಗಿ ಬಿಡುತ್ತದೆ. ಮೊದಲು ಪೆಟ್ಟಿಗೆಯ ಬೋಲ್ಟ್ ಬಿಚ್ಚಿ, ಕೇಬಲಿನ ಕ್ಲಿಪ್ಪುಗಳನ್ನು ಕಳಚಿ, ಕೇಬಲ್ ಯಾವ ದಾರಿಯಲ್ಲಿ ಹೋಗಿತ್ತು ಎಂದು ಫೋಟೋ ತೆಗೆದುಕೊಳ್ಳಿ. ಥ್ರೆಡ್ಡಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಡಿ. ಪಕ್ಕದಲ್ಲಿ ಸೀಳಿರುವ ಸೆನ್ಸಾರ್ ಸಾಕೆಟ್ ಬಳಸಿ, ಅಡ್ಜಸ್ಟಬಲ್ ಪಾನಾ ಬೇಡ. ಕಾಲು ಸುತ್ತು ಬಿಚ್ಚಿ, ಎಂಟನೆಯ ಒಂದು ಸುತ್ತು ಮರಳಿ ಬಿಗಿದು, ಮತ್ತೆ ಬಿಚ್ಚಿ. ಒಂದೇ ಉಸಿರಿಗೆ ತಿರುಗಿಸಿದರೆ ಪೈಪಿನ ಬಾಸ್‌ನ (ಸೆನ್ಸಾರ್ ಕೂರಲು ಪೈಪಿಗೆ ಬೆಸೆದ ಬಳೆಯ) ಥ್ರೆಡ್ ಸಮೇತ ಎದ್ದು ಬರುತ್ತದೆ, ಆಮೇಲೆ ಸೈಲೆನ್ಸರ್ ಪೆಟ್ಟಿಗೆಯನ್ನೇ ಇಳಿಸಬೇಕು.

ಬಿಚ್ಚಿದ ಸೆನ್ಸಾರಿನ ತುದಿ ಸಾಕಷ್ಟು ಹೇಳುತ್ತದೆ. ತಿಳಿ ಬೂದು ಇದ್ದರೆ ಸಹಜ. ಒದ್ದೆಯಾದ ಕಪ್ಪು ಎಂದರೆ ಆಯಿಲ್. ಗಟ್ಟಿ ಬೂದಿಯ ತೊಗಟೆ ರಂಧ್ರಗಳನ್ನು ಮುಚ್ಚಿದ್ದರೆ ಎಂಜಿನ್ ಆಯಿಲಿನ ಲೋಹದ ಬೂದಿ. ಅದನ್ನು ಹೀಟರ್ ಸುಡಲಾರದು, ನೀವೂ ತೊಳೆಯಲಾರಿರಿ. ಪೆಟ್ರೋಲಿನಲ್ಲಿ ನೆನೆಸುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಕಂಪ್ರೆಸರ್ ಗಾಳಿ ಹಿಡಿಯುವುದು ಯಾವುದೂ ಬೇಡ. ಪ್ಲಾಟಿನಂ ಗೆರೆಗಳು ಅಷ್ಟು ತೆಳು. ಸುಡಬಹುದಾದ ಮಸಿಯನ್ನು ಸೆನ್ಸಾರ್ ತಾನೇ ಸುಟ್ಟುಕೊಳ್ಳುತ್ತದೆ.

ಕೂರಿಸುವುದು

ಹೊಸದರ ಪಾರ್ಟ್ ನಂಬರ್, ಕೇಬಲಿನ ಉದ್ದ, ಮುಖ್ಯವಾಗಿ ವೋಲ್ಟೇಜ್ ಹೊಂದಿಸಿ ನೋಡಿ. ನಮ್ಮ ಭಾರಿ ಲಾರಿಗಳು 24 ವೋಲ್ಟಿನವು. ಅಮೆರಿಕದ ಲಾರಿಗಳು, ಇಲ್ಲಿನ ಹಲವು ಸಣ್ಣ ಗಾಡಿಗಳು 12 ವೋಲ್ಟಿನವು. ಕನೆಕ್ಟರ್ ಕೂತರೂ 12 ವೋಲ್ಟಿನದ್ದು 24ಕ್ಕೆ ಬಾಳುವುದಿಲ್ಲ. ಕೈತಪ್ಪಿ ನೆಲಕ್ಕೆ ಬಿದ್ದ ಸೆನ್ಸಾರನ್ನು ಹಾಕಬೇಡಿ, ಹೊರಗೆ ಗಾಯ ಕಾಣದಿದ್ದರೂ ಒಳಗೆ ಪಿಂಗಾಣಿ ಸೀಳಿರಬಹುದು. ತುದಿಯ ಪ್ಲಾಸ್ಟಿಕ್ ಟೋಪಿಯನ್ನು ಕೂರಿಸುವ ಕ್ಷಣದಲ್ಲಿ ಮಾತ್ರ ತೆಗೆಯಿರಿ.

ಬಾಸ್‌ನ ಥ್ರೆಡ್ಡಿನಲ್ಲಿ ಕಿಟ್ಟವಿದ್ದರೆ ಅದೇ ಅಳತೆಯ ಟ್ಯಾಪಿಗೆ ಗ್ರೀಸ್ ಸವರಿ ಕೈಯಲ್ಲೇ ತಿರುಗಿಸಿ. ಚೂರುಗಳು ಗ್ರೀಸಿಗೆ ಅಂಟಿ ಹೊರಬರುತ್ತವೆ. ಉಳಿದ ಗ್ರೀಸನ್ನು ಒರೆಸಿ ತೆಗೆಯಿರಿ. ಹೊಸ ಸೆನ್ಸಾರಿನ ಥ್ರೆಡ್ಡಿಗೆ ಕಾರ್ಖಾನೆಯವರೇ ಪೇಸ್ಟ್ ಹಚ್ಚಿರುತ್ತಾರೆ, ಮೇಲೆ ಇನ್ನಷ್ಟು ಬಳಿಯಬೇಡಿ. ಬೆರಳಿನಿಂದಲೇ ಕೊನೆಯವರೆಗೂ ತಿರುಗಬೇಕು. ನಡುವೆ ಬಿಗಿಯಾದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಶುರುಮಾಡಿ. ಕಡ್ಡಿ ತಿರುಗುವಾಗ ಪೆಟ್ಟಿಗೆಯನ್ನೂ ಜತೆಗೇ ತಿರುಗಿಸಿ, ಇಲ್ಲದಿದ್ದರೆ ಕೇಬಲ್ ಮುರಿಗೊಳ್ಳುತ್ತದೆ. ಕೊನೆಯ ಬಿಗಿತ ಟಾರ್ಕ್ ಪಾನಾದಿಂದ, ಆ ಮಾದರಿಯ ಮ್ಯಾನ್ಯುಯಲ್ ಹೇಳಿದಷ್ಟೇ. ಥ್ರೆಡ್ ಅಳತೆ ಬದಲಾದಂತೆ ಟಾರ್ಕೂ ಬದಲಾಗುವುದರಿಂದ ಪಕ್ಕದ ನಾಕ್ಸ್ ಸೆನ್ಸಾರಿನ ಲೆಕ್ಕವನ್ನು ಇದಕ್ಕೆ ತರಬೇಡಿ. ಪೆಟ್ಟಿಗೆಯ ಬೋಲ್ಟ್ ಎಂ6 ಆಗಿದ್ದರೆ 8ರಿಂದ 10 ನ್ಯೂಟನ್-ಮೀಟರ್ ಸಾಕು, ಹೆಚ್ಚಾದರೆ ಪ್ಲಾಸ್ಟಿಕ್ ಕಿವಿ ಒಡೆಯುತ್ತದೆ.

ಹೊಸ ಪೈಪ್ ಮಾಡಿಸಿದ್ದರೆ ಬಾಸ್ ಎಲ್ಲಿ ಬೆಸೆಯಬೇಕು ಎಂಬ ಪ್ರಶ್ನೆ ಬರುತ್ತದೆ. ಹಳೆಯ ಪೈಪಿನ ಜಾಗ, ಓರೆ ಎರಡನ್ನೂ ಅಳೆದು ಹಾಗೆಯೇ ಮಾಡಿಸಿ. ಕಡ್ಡಿ ಪೈಪಿನ ಮೇಲರ್ಧದಲ್ಲಿರಬೇಕು, ತುದಿ ಕೆಳಮುಖವಾಗಿರಬೇಕು. ತಳದಲ್ಲಿಟ್ಟರೆ ಬೆಳಗಿನ ನೀರೆಲ್ಲ ಅದರ ಬಾಯಿಗೇ ಬಂದು ನಿಲ್ಲುತ್ತದೆ.

ಕೇಬಲನ್ನು ಹಳೆಯ ದಾರಿಯಲ್ಲೇ ತನ್ನಿ. ಕಡ್ಡಿಯ ಬುಡದಲ್ಲಿ ಚೂರು ಸಡಿಲ ಬಿಡಿ, ಕನೆಕ್ಟರಿಗೆ ಹೋಗುವ ಮೊದಲು ವೈರ್ ಚೂರು ಕೆಳಗೆ ಜೋತು ಬಾಗಿರಲಿ. ವೈರಿನ ಗುಂಟ ಇಳಿದ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೂರಿಸಿದ ಮೇಲೆ

ಕೋಡ್ ಅಳಿಸಿ. ಕೆಲವು ಮಾದರಿಗಳಲ್ಲಿ ಸೆನ್ಸಾರ್ ಬದಲಾಯಿತು ಎಂದು ಸ್ಕ್ಯಾನರಿನಿಂದ ಇಸಿಯುಗೆ ತಿಳಿಸಿ ಹಳೆಯ ಕಲಿಕೆಯನ್ನು ಅಳಿಸಬೇಕು; ಮೆನು ಇದ್ದರೆ ಬಿಡದೆ ಮಾಡಿ. ಬಳಿಕ ಲೋಡ್ ಹಾಕಿಕೊಂಡು ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಒಂದೇ ಸಮನೆ ಓಡಿಸಿ. ಜತೆಗೊಬ್ಬರು ಕೂತು ಸ್ಕ್ಯಾನರಿನಲ್ಲಿ ನಾಲ್ಕು ಸಂಗತಿ ನೋಡಬೇಕು: ಡ್ಯೂ ಪಾಯಿಂಟ್ ಅಪ್ಪಣೆ ಬಂತೇ, ಹೀಟರ್ ಕಾಯಿತೇ, ತಣಿದು ಅಳತೆ ಶುರುವಾಯಿತೇ, ಸಂಕೇತ ಸೊನ್ನೆಯ ಹತ್ತಿರದಿಂದ ಹೊರಟಿತೇ. ಒಳ್ಳೆಯ ಫಿಲ್ಟರಿನ ಗಾಡಿಯಲ್ಲಿ ಸಂಕೇತ ಬಹಳ ಹೊತ್ತು ಏಳುವುದೇ ಇಲ್ಲ. ಅಳತೆ ಶುರುವಾದ ಸ್ವಲ್ಪ ಹೊತ್ತಿಗೇ ಜಿಗಿದು ಏರಿದರೆ, ಮತ್ತೆ ಆ ಬಿಳಿ ಬಟ್ಟೆ ತೆಗೆದುಕೊಳ್ಳಿ. ದೀಪ ಒಂದೇ ಓಟಕ್ಕೆ ಆರದಿದ್ದರೆ ಗಾಬರಿ ಬೇಡ, ಸರಿಯಾದ ಓಟಗಳು ಕೆಲವು ಸಾಲಾಗಿ ಮುಗಿಯಬೇಕು.

ಬೇಗ ಕೆಡದಂತೆ

ಆಯಿಲ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಸಿಕೆ-4 ದರ್ಜೆಯಲ್ಲಿ ಸಲ್ಫೇಟೆಡ್ ಬೂದಿ ಶೇ 1ನ್ನು ಮೀರುವಂತಿಲ್ಲ. ಹಳೆಯ ಲಾರಿಗೆಂದು ತಂದ ಸಿಐ-4 ಆಯಿಲನ್ನು ಬಿಎಸ್6 ಎಂಜಿನ್ನಿಗೆ ಸುರಿದರೆ ಹೆಚ್ಚಿನ ಬೂದಿ ಮೊದಲು ಡಿಪಿಎಫ್‌ನಲ್ಲಿ, ಆಮೇಲೆ ಸೆನ್ಸಾರಿನ ಮೇಲೆ ಕೂರುತ್ತದೆ. ಚಾಸಿಯಲ್ಲಿ, ಬಾಡಿಯಲ್ಲಿ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಕಳಚಿ, ಇಸಿಯು ಮತ್ತು ಸೆನ್ಸಾರ್ ಪೆಟ್ಟಿಗೆಗಳ ಕನೆಕ್ಟರ್ ಬಿಚ್ಚಿಡಿ, ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿಸಿ. ನೀರಿನ ಜೆಟ್ಟನ್ನು ಕನೆಕ್ಟರಿನ ಮುಖಕ್ಕೆ ಹಿಡಿಯಬಾರದು, ಬಿಸಿ ಸೈಲೆನ್ಸರಿಗೆ ಅಂತೂ ನೀರು ಹಾಕಲೇಬಾರದು.

ಸುಗ್ಗಿಯ ಕಾಲದಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ಕಡೆ ಹುರುಳಿ, ರಾಗಿಯನ್ನು ಒಕ್ಕಣೆಗೆಂದು ರಸ್ತೆಗೇ ಹರಡುತ್ತಾರೆ. ಅದರ ಮೇಲೆ ಹಾದ ಲಾರಿಯ ಶಾಫ್ಟಿಗೆ, ಸೈಲೆನ್ಸರಿಗೆ ಹುಲ್ಲು ಸುತ್ತಿಕೊಂಡು ಸೆನ್ಸಾರಿನ ಕೇಬಲನ್ನು ಎಳೆದು ಹರಿಯುತ್ತದೆ, ರೀಜನರೇಷನ್ ನಡೆಯುತ್ತಿದ್ದರೆ ಬೆಂಕಿಯೇ ಹತ್ತಬಹುದು. ಅಂಥ ರಸ್ತೆ ದಾಟಿದ ಮೇಲೆ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ, ಸುತ್ತಿಕೊಂಡದ್ದನ್ನು ಕೊಕ್ಕೆಯಿಂದ ಎಳೆದು ತೆಗೆಯಿರಿ. ಕೇಬಲಿನ ಕ್ಲಿಪ್ ಬಿಟ್ಟಿದ್ದರೆ ಅಲ್ಲೇ ಕಟ್ಟಿಕೊಳ್ಳಿ. ಸೈಲೆನ್ಸರಿನ ಬಳಿ ಪ್ಲಾಸ್ಟಿಕ್ ಟೈ ಕರಗಿಹೋಗುತ್ತದೆ, ಟೂಲ್ ಪೆಟ್ಟಿಗೆಯಲ್ಲಿ ನಾಲ್ಕು ಸ್ಟೀಲ್ ಟೈ ಇಟ್ಟುಕೊಂಡಿರಿ.